ಕೇಳುವವರಿಗಾಗಿ ಹುಟ್ಟಿದ ಕಾವ್ಯ: ಚಿಕ್ಕದೇವರಾಜ ಒಡೆಯರ ಕಾಲದ ಕವಿಗಳು

ಕನ್ನಡ ಸಾಹಿತ್ಯದ ಚರಿತ್ರೆಯನ್ನು ಓದುವ ನಾವು ಬಹುಮಟ್ಟಿಗೆ ಶಿಖರದಿಂದ ಶಿಖರಕ್ಕೆ ನಡೆಯುವವರು. ಪಂಪನಿಂದ ಹೊರಟು ಹರಿಹರ ರಾಘವಾಂಕರನ್ನು ಹಾಯ್ದು, ಕುಮಾರವ್ಯಾಸ, ರತ್ನಾಕರವರ್ಣಿ, ಲಕ್ಷ್ಮೀಶರಲ್ಲಿ ತಂಗಿ, ಅಲ್ಲಿಂದ ಒಮ್ಮೆಗೇ ಮುದ್ದಣನ ಮುಂಬಾಗಿಲಿಗೆ ಬಂದು ನಿಲ್ಲುತ್ತೇವೆ. ನಡುವಣ ಇಳಿಜಾರಿನಲ್ಲಿ ಏನಿತ್ತೆಂದು ಕೇಳಿದರೆ, ಮೈಸೂರು ಅರಸರ ಆಶ್ರಯದಲ್ಲಿ ಅನುವಾದಗಳೂ ಸ್ಥಳಮಾಹಾತ್ಮ್ಯಗಳೂ ರಾಜಸ್ತುತಿಗಳೂ ಹೇರಳವಾಗಿ ಹುಟ್ಟಿದವೆಂಬ ಒಂದು ಉತ್ತರ ಸಿದ್ಧವಾಗಿದೆ. ಈ ಉತ್ತರ ಸುಳ್ಳಲ್ಲ. ಆದರೆ ಅದು ಒಂದು ಮುಖ್ಯವಾದ ಪ್ರಶ್ನೆಯನ್ನು ಕೇಳದೆಯೇ ಬಿಟ್ಟುಬಿಡುತ್ತದೆ. ಇಷ್ಟೊಂದು ಗ್ರಂಥಗಳನ್ನು ಆ ಕವಿಗಳು ಬರೆದದ್ದು ಯಾರಿಗಾಗಿ?

ಕಾವ್ಯವನ್ನು ಬರೆದವನನ್ನು ಕುರಿತು ನಾವು ಬಹಳ ಯೋಚಿಸುತ್ತೇವೆ. ಬರೆಸಿದವನನ್ನು ಕುರಿತು ಸ್ವಲ್ಪ ಯೋಚಿಸುತ್ತೇವೆ. ಕೇಳಿದವರನ್ನು ಕುರಿತು ಯೋಚಿಸುವುದೇ ಇಲ್ಲ. ಹದಿನೇಳನೆಯ ಶತಮಾನದ ಕೊನೆಯ ಮೂವತ್ತು ವರ್ಷಗಳ ಮೈಸೂರಿನ ಸಾಹಿತ್ಯವನ್ನು ಅದರ ಶ್ರೋತೃಗಳ ಕಡೆಯಿಂದ ನೋಡಿದರೆ ಅದರ ಸ್ವರೂಪ ಬೇರೆಯಾಗಿಯೇ ಕಾಣುತ್ತದೆ. ಅವನತಿ ಎಂದು ನಾವು ಕರೆಯುವುದರಲ್ಲಿ ಒಂದಂಶ ನಿಜವಾಗಿ ಅವನತಿ. ಮತ್ತೊಂದಂಶ, ಕಾವ್ಯವು ಪಂಡಿತರ ಸಭೆಯಿಂದಿಳಿದು ಮನೆಯ ಜಗಲಿಗೂ ಅಂತಃಪುರಕ್ಕೂ ನಡೆದುಬಂದ ದಾರಿ. ಈ ಎರಡನ್ನೂ ಬೇರ್ಪಡಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

೧

ಮೊದಲು ಕಾಲದೇಶಗಳ ವಿಚಾರ. ವಿಜಯನಗರದ ಅಧಿಕಾರ ಕುಗ್ಗಿದ ಮೇಲೆ ಶ್ರೀರಂಗಪಟ್ಟಣವನ್ನು ನೆಲೆಮಾಡಿಕೊಂಡು ಬೆಳೆದ ಮೈಸೂರು ರಾಜ್ಯಕ್ಕೆ ಚಿಕ್ಕದೇವರಾಜ ಒಡೆಯರು ೧೬೭೩ರಲ್ಲಿ ಅರಸರಾದರು, ೧೭೦೪ರವರೆಗೆ ಆಳಿದರು. ಅದು ದಕ್ಷಿಣದ ಭೂಪಟವೇ ಬದಲಾದ ಕಾಲ. ೧೬೮೬ರಲ್ಲಿ ಬಿಜಾಪುರವೂ ೧೬೮೭ರಲ್ಲಿ ಗೋಲ್ಕೊಂಡವೂ ಔರಂಗಜೇಬನ ಕೈಸೇರಿದವು. ಅದೇ ೧೬೮೭ರಲ್ಲಿ ಮೊಗಲ ಸೇನಾನಿ ಕಾಸಿಂಖಾನನು ಹಿಡಿದ ಬೆಂಗಳೂರನ್ನು ಚಿಕ್ಕದೇವರಾಜರು ಮೂರು ಲಕ್ಷ ರೂಪಾಯಿಗಳಿಗೆ ಕೊಂಡರು. ಕತ್ತಿಯಿಂದ ಗೆಲ್ಲಬಹುದಾದುದನ್ನು ಕತ್ತಿಯಿಂದಲೂ, ಹಣದಿಂದ ಪಡೆಯಬಹುದಾದುದನ್ನು ಹಣದಿಂದಲೂ ಸಾಧಿಸಿದ ವ್ಯವಹಾರಚತುರರು ಅವರು. ಬೊಕ್ಕಸ ತುಂಬಿಸಿದ ಆ ಅರಸರಿಗೆ 'ನವಕೋಟಿ ನಾರಾಯಣ'ನೆಂಬ ಹೆಸರು ನಿಂತಿತು.

ಬೊಕ್ಕಸ ತುಂಬಬೇಕಾದರೆ ರೈತನ ಕಣಜ ಬರಿದಾಗಬೇಕು. ಹೊಸ ತೆರಿಗೆಗಳ ಭಾರವನ್ನು ತಾಳಲಾರದೆ ರೈತರು ದಂಗೆಯೆದ್ದರೆಂದೂ, ಅವರ ಬೆಂಬಲಕ್ಕೆ ನಿಂತ ಜಂಗಮರು ಕ್ರೂರವಾದ ದಂಡನೆಗೆ ಗುರಿಯಾದರೆಂದೂ ಪರಂಪರೆ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರಿನ ಇತಿಹಾಸವನ್ನು ಬರೆದ ವಿಲ್ಕ್ಸನೂ ಇದನ್ನು ದಾಖಲಿಸಿದ್ದಾನೆ. ಹತರಾದವರ ಸಂಖ್ಯೆಯನ್ನು ಕುರಿತು ಚರ್ಚೆಯಿರಬಹುದು. ಪ್ರಜೆಗಳ ಅಸಮಾಧಾನವನ್ನು ಅಲ್ಲಗಳೆಯುವಂತಿಲ್ಲ. ಅರಸರ ಮೊದಲ ಪ್ರಧಾನಿಯಾಗಿದ್ದ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತನು ೧೬೮೬ರ ಸುಮಾರಿನಲ್ಲಿ ಕೊಲೆಯಾದದ್ದೂ ಈ ಹಿನ್ನೆಲೆಯಲ್ಲಿಯೇ. ಅವನ ತರುವಾಯ ಪ್ರಧಾನಿಯಾದವನು ಕವಿ ತಿರುಮಲಾರ್ಯ. ಅಂತೂ ನಾವು ನೋಡಹೊರಟಿರುವ ಕಾವ್ಯಗಳು ಶಾಂತವಾದ ತೋಟದಲ್ಲಿ ಅರಳಿದ ಹೂಗಳಲ್ಲ.

೨

ಹಳೆಯ ಕಾವ್ಯಮಾರ್ಗವು ಆಗ ಸತ್ತಿತ್ತೆ? ಇರಲಿಲ್ಲ. ಮಳವಳ್ಳಿಯ ಸೀಮೆಯ ದನಗೂರಿನವನಾಗಿ, ಯಳಂದೂರಿನೊಡನೆ ತನ್ನ ಹೆಸರನ್ನು ಬೆಸೆದುಕೊಂಡಿರುವ ಷಡಕ್ಷರದೇವನು ಆ ಮಾರ್ಗದ ಕೊನೆಯ ದೊಡ್ಡ ಕವಿ. ಆರುಸಾಲಿನ ಷಟ್ಪದಿಯು ಎರಡು ಮೂರು ಶತಮಾನಗಳ ಕಾಲ ನಾಡನ್ನಾಳಿದ ಮೇಲೆ, ಅವನು ಮತ್ತೆ ವೃತ್ತ, ಕಂದ, ಗದ್ಯಗಳು ಬೆರೆತ ಚಂಪುವಿಗೆ ಮರಳಿದನು. 'ರಾಜಶೇಖರ ವಿಳಾಸ' ಹದಿನೇಳನೆಯ ಶತಮಾನದ ನಡುಗಾಲದ್ದು. ಬಸವಣ್ಣನವರ ಚರಿತೆಯನ್ನು ೪೨ ಆಶ್ವಾಸಗಳಲ್ಲಿ ಹೇಳುವ 'ವೃಷಭೇಂದ್ರ ವಿಜಯ' ೧೬೭೭ರದು, ಎಂದರೆ ಚಿಕ್ಕದೇವರಾಜರು ಪಟ್ಟಕ್ಕೆ ಬಂದ ನಾಲ್ಕು ವರ್ಷಗಳ ಮೇಲಿನದು.

ರಾಜಶೇಖರ ವಿಳಾಸದ ಕಥೆ ಚೋಳನಾಡಿನದು. ೧೫೧೩ರಲ್ಲಿ ಗುಬ್ಬಿಯ ಮಲ್ಲಣಾರ್ಯನು 'ಭಾವಚಿಂತಾರತ್ನ'ದಲ್ಲಿ ಅದನ್ನು ಹೇಳಿದ್ದನು. ರಾಜಕುಮಾರನ ಓಟದ ವೇಗಕ್ಕೆ ಸಿಕ್ಕಿ ತಿರುಕೊಳವಿನಾಚಿಯೆಂಬ ಬಡ ಹೆಂಗಸಿನ ಮಗು ಸಾಯುತ್ತದೆ. ಆಕೆ ಅರಸನ ಮುಂದೆ ನಿಂತು ನ್ಯಾಯ ಕೇಳುತ್ತಾಳೆ. ಸತ್ಯೇಂದ್ರ ಚೋಳನು ತನ್ನ ಮಗನಿಗೇ ಮರಣದಂಡನೆ ವಿಧಿಸುತ್ತಾನೆ. ಕಡೆಗೆ ಶಿವನು ಪ್ರತ್ಯಕ್ಷನಾಗಿ ಎಲ್ಲರನ್ನೂ ಉಳಿಸುತ್ತಾನೆ. ಷಡಕ್ಷರಿಯ ವರ್ಣನೆಗಳ ಭಾರದಲ್ಲಿ ಇಂದಿನ ಓದುಗನು ಬಳಲಿದರೂ, ಸತ್ತ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯ ಪ್ರಲಾಪಕ್ಕೆ ಬಂದಾಗ ಆ ಬಳಲಿಕೆ ಮಾಯವಾಗುತ್ತದೆ. ಶ್ಲೇಷೆ ಯಮಕಗಳಲ್ಲಿ ಪಳಗಿದ ಪಂಡಿತಕವಿಯ ನಾಲಗೆ ಅಲ್ಲಿ ಥಟ್ಟನೆ ತಾಯಿಯ ನಾಲಗೆಯಾಗುತ್ತದೆ. ಕನ್ನಡ ಪಠ್ಯಪುಸ್ತಕಗಳು ಆ ಭಾಗವನ್ನೇ ಮತ್ತೆ ಮತ್ತೆ ಆರಿಸಿಕೊಂಡದ್ದು ಆಕಸ್ಮಿಕವಲ್ಲ.

ಪ್ರೌಢಕಾವ್ಯದ ಕೊನೆಯ ಮಹಾಕವಿಯೂ ನಮ್ಮ ನೆನಪಿನಲ್ಲಿ ಉಳಿದಿರುವುದು, ಓದಲಾರದವರಿಗೂ ಕೇಳಿದೊಡನೆ ಅರ್ಥವಾಗುವ ಒಂದು ದುಃಖದಿಂದ. ಈ ಸಂಗತಿಯನ್ನು ಕಟ್ಟಿಟ್ಟುಕೊಂಡು ಅರಮನೆಗೆ ಹೋಗೋಣ.

೩

ಅರಮನೆಯ ಕವಿಗಳಲ್ಲಿ ಮೊದಲು ನಿಲ್ಲತಕ್ಕವನು ತಿರುಮಲಾರ್ಯ. ಅರಸರ ಬಾಲ್ಯದ ಒಡನಾಡಿ, ಅನಂತರ ಮಂತ್ರಿ. ಅವನ 'ಅಪ್ರತಿಮವೀರ ಚರಿತೆ' ಹೆಸರಿನಲ್ಲಿ ಚರಿತೆಯಾದರೂ ವಸ್ತುತಃ ಅಲಂಕಾರಶಾಸ್ತ್ರದ ಗ್ರಂಥ. ಅಪ್ರತಿಮವೀರನೆಂಬುದು ಚಿಕ್ಕದೇವರಾಜರ ಬಿರುದು. ಒಂದೊಂದು ಅಲಂಕಾರಕ್ಕೂ ಲಕ್ಷಣ ಹೇಳಿ, ಉದಾಹರಣೆಯಾಗಿ ಅರಸನ ಸ್ತುತಿಪದ್ಯವನ್ನೇ ಕೊಡುವುದು ಅದರ ಕ್ರಮ. ಉಪಮೆಗೂ ಅರಸನೇ, ಉತ್ಪ್ರೇಕ್ಷೆಗೂ ಅರಸನೇ. ಜಾಣ್ಮೆಯಿಂದ ಕೂಡಿದ ಈ ಗ್ರಂಥವನ್ನು ಓದಿ ಮುಗಿಸಿದಾಗ ಅಲಂಕಾರಗಳ ಪರಿಚಯವಾಗಿರುತ್ತದೆ. ಅರಸನೆಂಬ ಮನುಷ್ಯನ ಪರಿಚಯವಾಗಿರುವುದಿಲ್ಲ. 'ಚಿಕ್ಕದೇವರಾಜ ವಿಜಯ'ವೆಂಬ ಚಂಪುವಿಗೂ 'ಚಿಕ್ಕದೇವರಾಜ ವಂಶಾವಳಿ'ಯೆಂಬ ಗದ್ಯಕ್ಕೂ ರಾಜವಂಶದ ಕಥೆಯೇ ವಸ್ತು.

ಇಲ್ಲಿ ನಿಜವಾದ ಅವನತಿ ಇದೆಯೆಂಬುದನ್ನು ಒಪ್ಪಿಕೊಳ್ಳಬೇಕು. ನಾಡಿನಲ್ಲಿ ರೈತರು ಕುದಿಯುತ್ತಿದ್ದ ದಿನಗಳಲ್ಲಿ ಮಂತ್ರಿಯೇ ಕವಿಯಾಗಿದ್ದನು. ಮಂತ್ರಿಗೆ ತಿಳಿದಿದ್ದುದನ್ನು ಕವಿ ಹೇಳಲಿಲ್ಲ. ಆಸ್ಥಾನಕವಿಯಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲವೆಂದು ಕೆಲವರು ಹೇಳಬಹುದು. ಆದರೆ ಪಂಪನೂ ಆಸ್ಥಾನಕವಿಯೇ. ಅವನು ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿಯೂ, ತನ್ನ ಹೃದಯವನ್ನು ಕರ್ಣನಿಗೆ ಕೊಡುವಷ್ಟು ಸ್ವಾತಂತ್ರ್ಯವನ್ನು ಉಳಿಸಿಕೊಂಡಿದ್ದನು. ತಿರುಮಲಾರ್ಯನಲ್ಲಿ ವಿದ್ವತ್ತಿದೆ, ಭಾಷೆಯ ಮೇಲೆ ಅಸಾಧಾರಣ ಪ್ರಭುತ್ವವಿದೆ, ಕರ್ಣನಿಗೆ ಎಡೆಯಿಲ್ಲ.

ಇಷ್ಟನ್ನು ಹೇಳಿದ ಮೇಲೆ, ಅವನ ವಂಶಾವಳಿಯ ಗದ್ಯದ ವಿಚಾರವಾಗಿ ಒಂದು ಮಾತನ್ನು ಸೇರಿಸಬೇಕು. ಸಾವಿರ ವರ್ಷಗಳ ಕನ್ನಡ ಸಾಹಿತ್ಯದಲ್ಲಿ ವಡ್ಡಾರಾಧನೆ ಮತ್ತು ಶರಣರ ವಚನಗಳ ಹೊರತು ಸ್ವತಂತ್ರವಾಗಿ ನಿಂತ ಗದ್ಯ ವಿರಳ. ಚಂಪುವಿನ ನಡುವೆ ಗದ್ಯವು ಪದ್ಯದ ಊಳಿಗಕ್ಕೆ ನಿಂತಿತ್ತು. ಚಿಕ್ಕದೇವರಾಜರ ಕಾಲದಲ್ಲಿ ಅದು ತಾನೇ ಕಥೆಯನ್ನೂ ಪುರಾಣವನ್ನೂ ಧರ್ಮವನ್ನೂ ಹೇಳತೊಡಗಿತು. ಅರಸರ ಅಂಕಿತದಲ್ಲಿರುವ 'ಚಿಕ್ಕದೇವರಾಜ ಬಿನ್ನಪ'ವೂ ಮುಖ್ಯವಾಗಿ ಗದ್ಯವೇ: ಮೇಲುಕೋಟೆಯ ಚೆಲುವನಾರಾಯಣನಿಗೆ ಭಕ್ತನೊಬ್ಬನು ಮಾಡಿಕೊಂಡ ಮೂವತ್ತು ಬಿನ್ನಪಗಳು. ವಿಶಿಷ್ಟಾದ್ವೈತದ ತತ್ತ್ವವೆಲ್ಲ ಅಲ್ಲಿ ವಾದದ ರೂಪದಲ್ಲಿ ಬಾರದೆ ಮೊರೆಯ ರೂಪದಲ್ಲಿ ಬರುತ್ತದೆ. ಅದರ ಕರ್ತೃ ಅರಸರೋ ತಿರುಮಲಾರ್ಯನೋ ಎಂಬ ಜಿಜ್ಞಾಸೆ ವಿದ್ವಾಂಸರಲ್ಲಿ ಇದೆ. ತಿರುಮಲಾರ್ಯನ ಕಡೆಗೇ ಹಲವರ ಒಲವು. 'ಗೀತಗೋಪಾಲ'ದ ವಿಚಾರದಲ್ಲಿಯೂ ಇದೇ ಮಾತು. ಜಯದೇವನ ಗೀತಗೋವಿಂದದ ಸ್ಫೂರ್ತಿಯಿಂದ ಹುಟ್ಟಿದ ಅದು ಓದುವ ಗ್ರಂಥವೇ ಅಲ್ಲ, ಹಾಡುವ ಗ್ರಂಥ.

ಅಪ್ರತಿಮವೀರ ಚರಿತೆಯನ್ನು ಪಂಡಿತರಿಗಾಗಿ ಬರೆದ ಕೈಗಳೇ, ಅಥವಾ ಅದೇ ಬಳಗದ ಕೈಗಳು, ಬಿನ್ನಪವನ್ನೂ ಗೀತಗೋಪಾಲವನ್ನೂ ರಚಿಸಿದವು ಎಂಬುದನ್ನು ಗಮನಿಸಬೇಕು. ಒಂದರ ಶ್ರೋತೃ ಆಸ್ಥಾನದಲ್ಲಿ ಕುಳಿತಿದ್ದಾನೆ. ಇನ್ನೊಂದರದು ದೇವರ ಸನ್ನಿಧಿಯಲ್ಲಿ ಕೈಮುಗಿದು ನಿಂತಿದೆ.

೪

ಈ ಬದಲಾವಣೆಯ ಅಚ್ಚುಮರ ಚಿಕುಪಾಧ್ಯಾಯ. ಅವನ ನಿಜನಾಮ ಲಕ್ಷ್ಮೀಪತಿ, ಊರು ತೆರಕಣಾಂಬಿ, ಅವನೂ ಅರಸರ ಮಂತ್ರಿಗಳಲ್ಲಿ ಒಬ್ಬನು. ಸುಮಾರು ಮೂವತ್ತು ಗ್ರಂಥಗಳು ಅವನ ಹೆಸರಿನಲ್ಲಿವೆ. ಕಮಲಾಚಲ ಮಾಹಾತ್ಮ್ಯ, ಹಸ್ತಿಗಿರಿ ಮಾಹಾತ್ಮ್ಯ, ವೆಂಕಟಗಿರಿ ಮಾಹಾತ್ಮ್ಯ, ಪಶ್ಚಿಮರಂಗ ಮಾಹಾತ್ಮ್ಯ, ಆಳ್ವಾರುಗಳ ಕಥೆಯಾದ ದಿವ್ಯಸೂರಿ ಚರಿತೆ, ರುಕ್ಮಾಂಗದ ಚರಿತೆ, ವಿಷ್ಣುಪುರಾಣ, ಹೀಗೆ ಪಟ್ಟಿ ಬೆಳೆಯುತ್ತದೆ. ತಿಮ್ಮಕವಿ, ಮಲ್ಲಿಕಾರ್ಜುನ ಮೊದಲಾದ ಸಮಕಾಲೀನರೂ ಇದೇ ಮಾಹಾತ್ಮ್ಯಮಾರ್ಗದಲ್ಲಿ ನಡೆದವರು. ಒಬ್ಬ ಮಹಾಕವಿಯ ಕೃತಿಸಮುಚ್ಚಯವೆಂದು ನೋಡಿದರೆ ಇದು ನಿರಾಶೆ ತರುತ್ತದೆ. ಒಂದು ಕಾರ್ಯಕ್ರಮವೆಂದು ನೋಡಿದರೆ ವಿಸ್ಮಯ ತರುತ್ತದೆ.

ಆ ಕಾರ್ಯಕ್ರಮದ ಸೂತ್ರ ಎರಡು ಸಂಗತಿಗಳಲ್ಲಿ ಸಿಕ್ಕುತ್ತದೆ. ಮೊದಲನೆಯದು ಕ್ಷೇತ್ರಗಳ ಆಯ್ಕೆ. ಹಸ್ತಿಗಿರಿಯೆಂದರೆ ಕಂಚಿ, ವೆಂಕಟಗಿರಿಯೆಂದರೆ ತಿರುಪತಿ. ಪಶ್ಚಿಮರಂಗವು ಶ್ರೀರಂಗಪಟ್ಟಣ, ಯಾದವಗಿರಿ ಮೇಲುಕೋಟೆ, ಕಮಲಾಚಲ ಗೋಪಾಲಸ್ವಾಮಿ ಬೆಟ್ಟ. ದೂರದ ತಮಿಳು ತೆಲುಗು ಸೀಮೆಗಳ ತೀರ್ಥಗಳೂ ಕನ್ನಡನಾಡಿನ ತೀರ್ಥಗಳೂ ಒಂದೇ ಸಾಲಿನಲ್ಲಿ, ಒಂದೇ ನುಡಿಯಲ್ಲಿ ನಿಂತವು. ಯಾತ್ರೆಗೆ ಹೋಗಲಾರದ ಮುದುಕಿಗೂ ಕಂಚಿಯ ವರದರಾಜನ ಕಥೆ ಕನ್ನಡದಲ್ಲಿ ಕಿವಿಗೆ ಬೀಳುವಂತಾಯಿತು. ಶ್ರೀವೈಷ್ಣವ ಮನೆತನಗಳಲ್ಲಿ ಸಂಸ್ಕೃತವು ಶಾಸ್ತ್ರದ ಭಾಷೆ, ತಮಿಳು ಪ್ರಬಂಧದ ಭಾಷೆ. ಎರಡೂ ಕೈಗೆಟುಕಿದ್ದ ಆ ವಿದ್ವಾಂಸರು, ಎರಡೂ ಕೈಗೆಟುಕದ ನೆರೆಯವರಿಗಾಗಿ ಮೂರನೆಯದಾದ ಕನ್ನಡವನ್ನು ಆರಿಸಿಕೊಂಡರು.

ಎರಡನೆಯದು ಪ್ರಕಾರಗಳ ಆಯ್ಕೆ. ಚಿಕುಪಾಧ್ಯಾಯನು ಚಂಪುವನ್ನೂ ಬರೆದನು, ಸಾಂಗತ್ಯವನ್ನೂ ಬರೆದನು, ಗದ್ಯವನ್ನೂ ಬರೆದನು. ವಿಷ್ಣುಪುರಾಣವನ್ನಂತೂ ಚಂಪುವಿನಲ್ಲಿ ಒಮ್ಮೆ, ಗದ್ಯದಲ್ಲಿ ಒಮ್ಮೆ ಹೇಳಿದನು. ಒಂದೇ ಕಥೆಯನ್ನು ಎರಡು ಸಾರಿ ಬರೆಯುವುದೇಕೆ? ಪದ್ಯಚಾತುರ್ಯವನ್ನು ಮೆರೆಯುವುದಷ್ಟೇ ಉದ್ದೇಶವಾಗಿದ್ದರೆ ಒಂದು ಚಂಪು ಸಾಕಾಗಿತ್ತು. ಪಂಡಿತನಿಗೆ ಒಂದು ಪಾತ್ರೆ, ಪಾಮರನಿಗೆ ಒಂದು ಪಾತ್ರೆ. ಒಳಗಿನ ಹಾಲು ಒಂದೇ.

ಈ ಪಾತ್ರೆಗಳಲ್ಲಿ ಸಾಂಗತ್ಯವನ್ನು ಕುರಿತು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ. ಇದು ನಾಲ್ಕು ಸಾಲಿನ ದೇಶೀಯ ಛಂದಸ್ಸು. ಒಂದನೆಯ ಮತ್ತು ಮೂರನೆಯ ಸಾಲುಗಳಲ್ಲಿ ನಾಲ್ಕು ನಾಲ್ಕು ವಿಷ್ಣುಗಣಗಳು. ಎರಡನೆಯ ಮತ್ತು ನಾಲ್ಕನೆಯ ಸಾಲುಗಳಲ್ಲಿ ಎರಡು ವಿಷ್ಣುಗಣಗಳೂ ಕೊನೆಗೊಂದು ಬ್ರಹ್ಮಗಣವೂ. ಉದ್ದದ ಸಾಲೊಂದು, ಗಿಡ್ಡ ಸಾಲೊಂದು; ಏರು ಒಂದು, ಇಳಿವು ಒಂದು. ಅಕ್ಷರವೃತ್ತದಲ್ಲಿ ಗುರುಲಘುಗಳ ಸ್ಥಾನ ಕದಲುವಂತಿಲ್ಲ; ಅಂಶಗಣದ ಈ ಛಂದಸ್ಸಿನಲ್ಲಿ ಹಾಡುವವನು ಅಕ್ಷರವನ್ನು ಎಳೆಯಬಹುದು, ಅದುಮಬಹುದು. ಹಾಡುವ ಬಾಯಿಗೆ ಸ್ವಾತಂತ್ರ್ಯವಿರುವುದರಿಂದ ಕೇಳುವ ಕಿವಿಗೆ ಆಯಾಸವಿಲ್ಲ. ೧೪೧೦ರ ಸುಮಾರಿನ ದೇಪರಾಜನ ಕಾಲದಿಂದ ಇದು ಬೆಳಕಿಗೆ ಬಂದು, ೧೫೫೭ರಲ್ಲಿ ರತ್ನಾಕರವರ್ಣಿಯ ಭರತೇಶ ವೈಭವದಲ್ಲಿ ಮಹಾಕಾವ್ಯದ ಪದವಿಗೇರಿತ್ತು. ಚಿಕ್ಕದೇವರಾಜರ ಕಾಲದಲ್ಲಿ ಅದು ಮತಭೇದವಿಲ್ಲದೆ ಎಲ್ಲರ ಛಂದಸ್ಸಾಯಿತು. ಜೈನಗುರುಗಳ ಪರಂಪರೆಯನ್ನು ಹೇಳುವ ಚಿದಾನಂದಕವಿಯ 'ಮುನಿವಂಶಾಭ್ಯುದಯ'ವೂ ಸಾಂಗತ್ಯವೇ; ಶ್ರೀನಿವಾಸ ಪದ್ಮಾವತಿಯರ ಮದುವೆಯನ್ನು ಹಾಡುವ ಶೃಂಗಾರಮ್ಮನ 'ಪದ್ಮಿನೀ ಕಲ್ಯಾಣ'ವೂ ಸಾಂಗತ್ಯವೇ.

ಕೇಳುವುದರ ಮುಂದಿನ ಮೆಟ್ಟಿಲು ನೋಡುವುದು. ತಿರುಮಲಾರ್ಯನ ತಮ್ಮ ಸಿಂಗರಾರ್ಯನು ಹರ್ಷನ ರತ್ನಾವಳಿಯನ್ನು ತೆಗೆದುಕೊಂಡು, ಉದಯನನ ಸ್ಥಾನದಲ್ಲಿ ಶ್ರೀಕೃಷ್ಣನನ್ನೂ ರತ್ನಾವಳಿಯ ಸ್ಥಾನದಲ್ಲಿ ಮಿತ್ರವಿಂದೆಯನ್ನೂ ಇಟ್ಟು 'ಮಿತ್ರವಿಂದಾ ಗೋವಿಂದ'ವನ್ನು ರಚಿಸಿದನು. ಇಂದು ಉಳಿದಿರುವ ಕನ್ನಡ ನಾಟಕಗಳಲ್ಲಿ ಇದೇ ಮೊದಲನೆಯದು. ಸಂಸ್ಕೃತ ನಾಟಕಗಳನ್ನು ಆಳವಾಗಿ ಬಲ್ಲ ಕವಿಗಳು ಏಳೆಂಟು ಶತಮಾನಗಳಿಂದ ಬರೆಯುತ್ತಿದ್ದ ಭಾಷೆಯಲ್ಲಿ ಮೊದಲ ನಾಟಕ ದೊರೆಯುವುದು ಇಷ್ಟು ತಡವಾಗಿ. ಅದು ರೂಪಾಂತರವೆಂದು ಮೂಗುಮುರಿಯುವುದು ಸುಲಭ. ಈ ರೂಪಾಂತರದ ಹಿಂದೆ, ಕಥೆಯನ್ನು ಕಣ್ಣೆದುರಿಗೆ ತರಬೇಕೆಂಬ ಹೊಸ ಹಂಬಲವಿದ್ದಿತೆಂಬುದನ್ನು ಕಾಣುವುದು ಅಗತ್ಯ.

ಆಸ್ಥಾನದ ಪ್ರೋತ್ಸಾಹವೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು. ಅರಮನೆಯಿಂದ ಬಹುದೂರ, ಬಿಜಾಪುರದ ಸೀಮೆಯಲ್ಲಿ ಕಾಖಂಡಕಿಯ ಮಹೀಪತಿದಾಸರು (೧೬೧೧-೧೬೮೧) ಆದಿಲಶಾಹಿಯ ಅಧಿಕಾರವನ್ನು ಬಿಟ್ಟುಬಂದು, ಕನ್ನಡದಲ್ಲಿ ಹಾಡಿದರು. ಮರಾಠಿ ಹಿಂದುಸ್ತಾನಿಗಳಲ್ಲಿಯೂ ಹಾಡಿದರು. ಒಂದು ಕಡೆ ಮಂತ್ರಿಪದವಿಯಲ್ಲಿದ್ದವನು, ಇನ್ನೊಂದು ಕಡೆ ಪದವಿಯನ್ನು ತೊರೆದವರು. ಇಬ್ಬರೂ ಹಿಡಿದ ದಾರಿ ಕಿವಿಯ ದಾರಿ.

೫

ಈ ಎಲ್ಲ ಬಿತ್ತನೆಯ ಫಲ ಎಲ್ಲಿದೆಯೆಂದು ಕೇಳುವವರಿಗೆ ಸಂಚಿಯ ಹೊನ್ನಮ್ಮನನ್ನು ತೋರಿಸಬೇಕು. ಊರು ಯಳಂದೂರು. ಷಡಕ್ಷರಿಯ ಪ್ರೌಢಕಾವ್ಯ ಬೆಳೆದ ಸೀಮೆಯಿಂದಲೇ ಈಕೆಯೂ ಬಂದದ್ದು ಒಂದು ಸೋಜಿಗ. ಚಿಕ್ಕದೇವರಾಜರ ರಾಣಿ ದೇವಾಜಮ್ಮಣ್ಣಿಯೂ ಯಳಂದೂರಿನವಳೇ. ಆ ರಾಣಿಯ ಅಂತಃಪುರದಲ್ಲಿ ಹೊನ್ನಮ್ಮ ತಾಂಬೂಲದ ಸಂಚಿಯನ್ನು ಹಿಡಿಯುವ ಊಳಿಗದವಳು. ಪುರಾಣ ಹೇಳುವವರು ಹೇಳುತ್ತಿದ್ದಾಗ, ಕಾವ್ಯ ಓದುವವರು ಓದುತ್ತಿದ್ದಾಗ, ಸಂಚಿ ಹಿಡಿದವಳು ಅಲ್ಲಿಯೇ ನಿಂತಿದ್ದಳೆಂಬುದನ್ನು ನಾವು ಊಹಿಸಿಕೊಳ್ಳಬಹುದು. ಕೇಳಿಸಿಕೊಂಡದ್ದನ್ನು ಅವಳು ಮರೆಯಲಿಲ್ಲ. ಅಳಸಿಂಗರಾರ್ಯನು ಅವಳಿಗೆ ವಿದ್ಯೆ ಕಲಿಸಿದನು; ರಾಣಿ ಅರಸರಿಗೆ ಅವಳ ಕವಿತಾಶಕ್ತಿಯನ್ನು ತಿಳಿಸಿದಳು; ಅರಸರು ಕಾವ್ಯ ಬರೆಯಿಸಿದರು. ಹೀಗೆ ೧೬೮೦ರ ಸುಮಾರಿನಲ್ಲಿ ಒಂಬತ್ತು ಸಂಧಿಗಳ ಸಾಂಗತ್ಯಕಾವ್ಯವಾದ 'ಹದಿಬದೆಯ ಧರ್ಮ' ಹುಟ್ಟಿತು.

ಹದಿಬದೆಯೆಂಬುದು ಪತಿವ್ರತೆಯೆಂಬ ಮಾತಿನ ತದ್ಭವ. ಕಾವ್ಯದ ಬಹುಭಾಗ ಆ ಹೆಸರಿಗೆ ತಕ್ಕುದೇ: ಗೃಹಿಣಿ ಹೇಗಿರಬೇಕು, ಗಂಡನನ್ನೂ ಅತ್ತೆಮಾವಂದಿರನ್ನೂ ಹೇಗೆ ನಡೆಸಿಕೊಳ್ಳಬೇಕು ಎಂಬ ಧರ್ಮೋಪದೇಶ. ಸ್ಮೃತಿಪುರಾಣಗಳಿಂದ ಬಂದ ಈ ಬೋಧೆಯಲ್ಲಿ ಇಂದಿನ ಓದುಗರು ಒಪ್ಪದ ಮಾತುಗಳು ಅನೇಕ ಇವೆ. ಅದನ್ನು ಮುಚ್ಚಿಟ್ಟು ಹೊನ್ನಮ್ಮನನ್ನು ಇಂದಿನ ಕಾಲದ ಹೋರಾಟಗಾರ್ತಿಯಂತೆ ಚಿತ್ರಿಸುವುದು ಸತ್ಯಕ್ಕೂ ಅವಳಿಗೂ ಮಾಡುವ ಅಪಚಾರ. ಆದರೆ ಉಪದೇಶದ ನಡುವೆ ಒಂದೆಡೆ ಅವಳ ದನಿ ಬದಲಾಗುತ್ತದೆ. ಹೆಣ್ಣು ಹುಟ್ಟಿತೆಂದು ಹಳಿಯುವವರನ್ನು ಅವಳು ಎದುರಿಸಿ ನಿಲ್ಲುತ್ತಾಳೆ. ನಿಮ್ಮನ್ನು ಹೆತ್ತವಳು ಹೆಣ್ಣಲ್ಲವೆ, ಸಾಕಿದವಳು ಹೆಣ್ಣಲ್ಲವೆ ಎಂಬ ಅರ್ಥದ ಪ್ರಶ್ನೆಗಳನ್ನು ಒಂದರ ಮೇಲೊಂದರಂತೆ ಎಸೆದು, ಹೆಣ್ಣನ್ನು ಕೀಳೆಂದು ಜರೆಯುವವರಿಗೆ ಕಣ್ಣೇ ಇಲ್ಲವೆಂದುಬಿಡುತ್ತಾಳೆ. ಮಗನೇನು ಮಗಳೇನು, ಲೋಕಕ್ಕೂ ಪರಲೋಕಕ್ಕೂ ಇಬ್ಬರೂ ಸಮಾನರೆಂಬುದು ಅವಳ ನಿಲುವು.

ಈ ಮಾತು ಯಾವ ಸಂಸ್ಕೃತ ಗ್ರಂಥದ ಅನುವಾದದಂತೆಯೂ ಕೇಳಿಸುವುದಿಲ್ಲ. ಅದು ಮನೆಯೊಳಗಿನ ಮಾತು; ತಾಯಿಯೊಬ್ಬಳು ತೊಟ್ಟಿಲ ಪಕ್ಕದಲ್ಲಿ ನಿಂತು ಆಡಬಹುದಾದ ಮಾತು. ತಿರುಕೊಳವಿನಾಚಿಯ ದುಃಖಕ್ಕೆ ಷಡಕ್ಷರಿ ಬಾಯಿಕೊಟ್ಟನು. ಇಲ್ಲಿ ಹೆಣ್ಣೇ ತನ್ನ ಬಾಯಿಂದ ಮಾತನಾಡಿದಳು. ಚಂಪುವಿನ ಗಡಿ ಎಲ್ಲಿ ಮುಗಿಯಿತು, ಸಾಂಗತ್ಯದ ಸಾಧನೆ ಎಲ್ಲಿ ಮೊದಲಾಯಿತು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಚಂಪುವೊಂದೇ ಕಾವ್ಯವೆಂಬ ಕಾಲದಲ್ಲಿ ಹೊನ್ನಮ್ಮ ಎಷ್ಟೇ ಪ್ರತಿಭಾವಂತೆಯಾಗಿದ್ದರೂ ಕೇಳುವವಳಾಗಿಯೇ ಉಳಿಯುತ್ತಿದ್ದಳು. ಕಾವ್ಯವು ಅವಳಿಗೆ ತಿಳಿಯುವ ಭಾಷೆಗೆ, ಅವಳಿಗೆ ಹಾಡಲು ಬರುವ ಮಟ್ಟಿಗೆ ಇಳಿದುಬಂದದ್ದರಿಂದ ಕೇಳುತ್ತಿದ್ದವಳು ಹೇಳುವವಳಾದಳು.

೬

ಆದುದರಿಂದ ಈ ಕಾಲದ ಸಾಹಿತ್ಯಕ್ಕೆ ಎರಡು ಅಳತೆಗೋಲುಗಳು ಬೇಕು. ಕವಿಗೂ ಅರಸನಿಗೂ ಇರುವ ಸಂಬಂಧದಿಂದ ಅಳೆದರೆ ಅದು ಸಣ್ಣದು: ಸ್ತುತಿ ಅತಿಯಾಯಿತು, ಸತ್ಯ ಕಡಮೆಯಾಯಿತು, ನಂಜನಗೂಡಿನ ಹೊಲದಲ್ಲಿ ಅತ್ತವರ ದನಿ ಶ್ರೀರಂಗಪಟ್ಟಣದ ಓಲೆಗರಿಗಳಿಗೆ ತಲಪಲಿಲ್ಲ. ಕವಿಗೂ ಕೇಳುವವರಿಗೂ ಇರುವ ಸಂಬಂಧದಿಂದ ಅಳೆದರೆ ಅದು ದೊಡ್ಡದು: ಕನ್ನಡ ಗದ್ಯಕ್ಕೆ ತನ್ನ ಕಾಲಮೇಲೆ ನಿಲ್ಲುವ ಧೈರ್ಯ ಬಂದಿತು, ನಾಟಕ ಮೊದಲಾಯಿತು, ತಮಿಳು ಸಂಸ್ಕೃತಗಳ ಸಂಪತ್ತು ಊಳಿಗದವಳ ಕಿವಿಯವರೆಗೆ ಹರಿಯಿತು. ಒಂದು ಅಳತೆಯ ಫಲವನ್ನು ಮುಂದಿಟ್ಟು ಇನ್ನೊಂದನ್ನು ಮರೆಯಿಸುವುದು ಚರಿತ್ರೆಯಾಗದು.

ಆರ್. ನರಸಿಂಹಾಚಾರ್ಯರು ೧೯೦೭ರಿಂದ ೧೯೨೯ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ 'ಕರ್ಣಾಟಕ ಕವಿಚರಿತೆ'ಯಲ್ಲಿ ದೊಡ್ಡವರಿಗೂ ಸಣ್ಣವರಿಗೂ, ಪ್ರಧಾನಿಗೂ ಸಂಚಿಯವಳಿಗೂ ಎಡೆಯುಂಟು. ಆ ಉದಾರದೃಷ್ಟಿ ಇಂದಿಗೂ ಅನುಕರಣೀಯ. ಹೊರನಾಡಿನಲ್ಲಿ ನೆಲಸಿ, ಹಗಲು ಒಂದು ಭಾಷೆಯಲ್ಲಿ ದುಡಿದು, ಸಂಜೆ ಇನ್ನೊಂದರಲ್ಲಿ ಬೀದಿಯನ್ನು ದಾಟಿ, ಮನೆಯಲ್ಲಿ ಮಾತ್ರ ಕನ್ನಡವಾಡುವ ನಮಗೆ ಚಿಕುಪಾಧ್ಯಾಯನ ಕೆಲಸ ಇತರರಿಗಿಂತ ಚೆನ್ನಾಗಿ ಅರ್ಥವಾಗಬೇಕು. ಎರಡು ಮೂರು ಭಾಷೆ ಬಲ್ಲವನು ಅವುಗಳಲ್ಲಿ ತಾನು ಉಂಡದ್ದನ್ನು ಮನೆಯ ಭಾಷೆಗೆ ತಂದು ಬಡಿಸುವುದು ಸಣ್ಣ ಕೆಲಸವೇನಲ್ಲ. ತಂದು ಬಡಿಸಿದ್ದೆಲ್ಲ ಮಹಾಕಾವ್ಯವಾಗಬೇಕಾಗಿಯೂ ಇಲ್ಲ. ಬಾಗಿಲ ಬಳಿ ಸಂಚಿ ಹಿಡಿದು ನಿಂತು ಕೇಳುತ್ತಿರುವವರು ಯಾರೋ, ನಾಳೆ ಅವರು ಏನನ್ನು ಹಾಡುವರೋ, ಬಡಿಸುವವನಿಗೆ ತಿಳಿದಿರುವುದಿಲ್ಲ.